ಆಕಾಶದಲ್ಲಿ ಹಲೋ ಅನ್ನುವ ಮುನ್ನ

ವಿಮಾನ ಹೊರಡುವ ಮುನ್ನ ಗಗನಸಖಿ ಹೇಳುವ ಮಾತು ನಿಮಗೆ ಬಾಯಿಪಾಠ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಹೇಳೋದು, ಪೈಲಟ್‌ಗೆ ತೊಂದರೆ ಆಗುತ್ತೆ ಅಂತ. ಅದು ಅರ್ಧ ಉತ್ತರ. ಇನ್ನರ್ಧ ನೆಲದ ಮೇಲಿದೆ.

ಎಂಜಿನಿಯರಿಂಗ್ ಓದಿದವನು ನಾನು, ಸ್ವಲ್ಪ ಬಿಡಿಸಿ ಹೇಳ್ತೀನಿ. ನೆಲದ ಮೇಲಿದ್ದಾಗ ನಮ್ಮ ಫೋನ್ ಹತ್ತಿರದ ಟವರ್ ಹಿಡಿಯುತ್ತೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಅಡ್ಡ ಬರೋಕೆ ಕಟ್ಟಡವೂ ಇಲ್ಲ, ಗುಡ್ಡವೂ ಇಲ್ಲ. ಒಂದೇ ಫೋನಿನ ಸಿಗ್ನಲ್ ಹಲವಾರು ಟವರ್‌ಗಳಿಗೆ ಒಟ್ಟಿಗೆ ಬಡಿಯಬಹುದು. ಕೆಳಗಿರುವವರ ಕರೆಗಳಿಗೆ ಅದರಿಂದ ಅಡ್ಡಿ. ಅಮೆರಿಕದ ಸಂಪರ್ಕ ಆಯೋಗ 1991ರಲ್ಲಿ ಹಾರುವ ವಿಮಾನದಲ್ಲಿ ಸೆಲ್‌ಫೋನ್ ಬಳಕೆ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಪರಿಹಾರ ಸರಳವಾಗಿತ್ತು. ವಿಮಾನದೊಳಗೇ ಒಂದು ಪುಟ್ಟ ಟವರ್ ಇಡೋದು. ಅದರ ಹೆಸರು ಪಿಕೋಸೆಲ್. ಟವರ್ ಪಕ್ಕದಲ್ಲೇ ಇದ್ದರೆ ಫೋನ್ ಕೂಗಬೇಕಿಲ್ಲ, ಪಿಸುಗುಟ್ಟಿದರೆ ಸಾಕು. ಕರೆ ಅಲ್ಲಿಂದ ಉಪಗ್ರಹಕ್ಕೆ ಹೋಗಿ ನೆಲಕ್ಕಿಳಿಯುತ್ತೆ. 2008ರ ಮಾರ್ಚ್‌ನಲ್ಲಿ ದುಬೈನಿಂದ ಕಾಸಾಬ್ಲಾಂಕಾಗೆ ಹೊರಟ ಎಮಿರೇಟ್ಸ್ ವಿಮಾನದಲ್ಲಿ ಪ್ರಯಾಣಿಕರು ತಮ್ಮದೇ ಮೊಬೈಲ್‌ನಿಂದ ಮಾತಾಡಿದರು. ನಮ್ಮ ಸರ್ಕಾರವೂ 2018ರ ಡಿಸೆಂಬರ್‌ನಲ್ಲಿ ನಿಯಮ ತಂತು. 3,000 ಮೀಟರ್ ಎತ್ತರ ದಾಟಿದ ಮೇಲೆ ಮೊಬೈಲ್ ಸೇವೆ ಕೊಡಬಹುದು ಅಂತ.

ಹಾಗಾದರೆ ತಕರಾರೇನು? ಬಿಲ್ಲು ಸ್ವಾಮಿ, ಬಿಲ್ಲು!

ಆ ಪುಟ್ಟ ಟವರ್ ನಿಮ್ಮ ಸಿಮ್ ಕಂಪನಿಯದ್ದಲ್ಲ, ನೀವು ಹೋಗುತ್ತಿರುವ ದೇಶದ್ದೂ ಅಲ್ಲ. ಅದೇ ಒಂದು ಪ್ರತ್ಯೇಕ ರೋಮಿಂಗ್ ಜಾಲ. ಹೊರಡುವಾಗ ಹಾಕಿಸಿಕೊಂಡ ವಿದೇಶಿ ಪ್ಯಾಕ್ ಅಲ್ಲಿ ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನೀವು ಕಂಬಳಿ ಹೊದ್ದು ಮಲಗಿದರೂ ಡೇಟಾ ರೋಮಿಂಗ್ ಆನ್ ಇರುವ ಫೋನ್ ಮಲಗಲ್ಲ. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಎಲ್ಲಾ ಸದ್ದಿಲ್ಲದೆ ನಡೀತಿರುತ್ತೆ. ಮೀಟರ್ ಕೂಡ ಓಡ್ತಿರುತ್ತೆ.

ಮಗಳ ಬಾಣಂತನಕ್ಕೆ ಅಂತ ಮೊದಲ ಸಲ ಅಮೆರಿಕದ ವಿಮಾನ ಹತ್ತುವ ಅಮ್ಮನಿಗೆ ಇದೆಲ್ಲ ಯಾರು ಹೇಳಬೇಕು? ನೀವೇ ಹೇಳಿ. ಮೊದಲು ಏರ್‌ಪ್ಲೇನ್ ಮೋಡ್. ಬೇಕಿದ್ದರೆ ಆಮೇಲೆ ವೈಫೈ ಮಾತ್ರ ಆನ್. ಹಣ ಕಟ್ಟುವ ವೈಫೈ ಆದರೆ ದರ ಮೊದಲೇ ಪರದೆ ಮೇಲೆ ಕಾಣುತ್ತೆ. ರೋಮಿಂಗ್ ದರ ಎಷ್ಟೋ ಸಲ ಗೊತ್ತಾಗೋದು ಬಿಲ್ ಬಂದಾಗಲೇ.

ಸೀಟ್ ಬೆಲ್ಟ್ ಹಾಕೋದು ಹೇಗೆ ಅಂತ ಪ್ರತಿ ಸಲ ಕೈಯಲ್ಲಿ ಹಿಡಿದು ತೋರಿಸ್ತಾರೆ. ಫೋನ್ ಸೇವೆ ಇರುವ ವಿಮಾನದಲ್ಲಿ ಅದರ ಜತೆಗೇ ಒಂದು ನಿಮಿಷದ ಕರೆಗೆ ಎಷ್ಟು, ಒಂದು ಎಂಬಿಗೆ ಎಷ್ಟು ಅಂತಲೂ ಹೇಳಲಿ. ಇದಕ್ಕೆ ಹೊಸ ಉಪಗ್ರಹ ಬೇಕಿಲ್ಲ, ಎರಡು ವಾಕ್ಯ ಸಾಕು.