ಹಲಸಿನ ಸೊಳೆಯ ನೀರು ಎಲ್ಲಿಗೆ ಹೋಯಿತು?

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೂ ಮಳೆ ಹಿಡಿದ ಮೇಲೆ ನಮ್ಮ ಕಾಸರಗೋಡಿನ ತೋಟಗಳಲ್ಲಿ ಹಣ್ಣು ಮರದ ಬುಡದಲ್ಲೇ ಬಿದ್ದು ಕೊಳೆಯುವುದುಂಟು. ಅತ್ತ ಮಕ್ಕಳ ಕೈಯಲ್ಲಿ ಪ್ಯಾಕೆಟ್ ತಿಂಡಿ. ಅದರ ಬದಲು ಹಲಸಿನ ತಿಂಡಿ ಕೊಟ್ಟರೆ ಆರೋಗ್ಯಕ್ಕೆ ಒಳ್ಳೆಯದೇ? ಒಳ್ಳೆಯದು ಎಂದುಬಿಡುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: ಸೊಳೆಯ ನೀರು ಹೋದ ಜಾಗಕ್ಕೆ ಏನು ಬಂತು?

ಹಣ್ಣಿನ ಸೊಳೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟುಗಳು ಬೆಳೆಯಲು ಈ ನೀರೇ ಬೇಕು. ಅವುಗಳಿಗೆ ನೀರು ಸಿಗದಂತೆ ಮಾಡುವುದೇ ಹಲವು ಬಗೆಯ ಸಂಸ್ಕರಣೆಯ ಗುಟ್ಟು.

ಉಪ್ಪುಸೊಳೆಯಲ್ಲಿ ಆಗುವುದು ಪರಾಸರಣ. ಸೊಳೆಯ ನೀರು ಹೊರಬರುತ್ತದೆ, ಉಪ್ಪು ಒಳಸೇರುತ್ತದೆ. ಆಟಿಯಲ್ಲಿ ಅಡುಗೆಗೆ ತೆಗೆಯುವಾಗ ಅಜ್ಜಿ ಅದನ್ನು ನೀರಲ್ಲಿ ನೆನೆಹಾಕಿ ಹಿಂಡುವುದು ಆ ಉಪ್ಪನ್ನು ಇಳಿಸಲಿಕ್ಕೆ.

ಚಿಪ್ಸಿನ ಕಥೆ ಬೇರೆ. ಕಾದ ಎಣ್ಣೆಗೆ ಸೊಳೆ ಬಿದ್ದಾಗ ಏಳುವ ಗುಳ್ಳೆಗಳು ನೀರಿನ ಆವಿ. ಆವಿ ಹೋದ ರಂಧ್ರಗಳಿಗೆ ಎಣ್ಣೆ ನುಗ್ಗುತ್ತದೆ. ಬಾಣಲೆಯಿಂದ ತೆಗೆದು ತಣಿಯುವಾಗಲೂ ಮೇಲ್ಮೈಯ ಎಣ್ಣೆ ಒಳಕ್ಕೆ ಎಳೆಯಲ್ಪಡುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ 4 ಕಿಲೋಕ್ಯಾಲೊರಿ, ಎಣ್ಣೆಯಲ್ಲಿ 9. ಹಾಗಾಗಿ ಹಲಸಿನದ್ದಾದರೂ ಚಿಪ್ಸ್ ಚಿಪ್ಸೇ!

ಹಣ್ಣಿನ ಸೊಳೆಯನ್ನು ಹೀಗೆ ಕರಿದರೆ ಅದರಲ್ಲಿರುವ ಸಕ್ಕರೆಯಿಂದಾಗಿ ಬೇಗ ಕಪ್ಪಾಗುತ್ತದೆ. ಅದಕ್ಕೆ ಕಾರ್ಖಾನೆಗಳಲ್ಲಿ ವ್ಯಾಕ್ಯೂಮ್ ಫ್ರೈಯಿಂಗ್ ಉಂಟು. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ ಎಂದು ನಾವು ಕಲಿಸುವ ಪಾಠವೇ ಅಲ್ಲಿ ಯಂತ್ರವಾಗಿದೆ.

ಬಿಸಿಲಲ್ಲಿ ಒಣಗಿಸಿದರೆ ನೀರು ಹೋಗುತ್ತದೆ, ಬದಲಿಗೆ ಎಣ್ಣೆ ಬರುವುದಿಲ್ಲ, ನಾರು ಉಳಿಯುತ್ತದೆ. ಹಪ್ಪಳವನ್ನು ಕರಿಯದೆ ಕೆಂಡದಲ್ಲಿ ಸುಟ್ಟರೆ ಈ ಲಾಭ ಉಳಿಯಿತು. ಆದರೆ ಹಣ್ಣನ್ನು ಒಣಗಿಸಿದಾಗ ಸಕ್ಕರೆ ಸಾಂದ್ರವಾಗುತ್ತದೆ, ತಿನ್ನುವುದರಲ್ಲಿ ಮಿತಿ ಬೇಕು.

ಮಾರುವ ಉದ್ದೇಶವಿದ್ದರೆ ಗಿಡದ ಆಯ್ಕೆಯೂ ಮುಖ್ಯ. ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಬೀಜದ ಗಿಡ ತಾಯಿಮರದಂತೆಯೇ ಇರುವುದಿಲ್ಲ. ಒಳ್ಳೆಯ ಬಕ್ಕೆ ಮರದಿಂದ ಕಸಿ ಕಟ್ಟಿದರೆ ಅದೇ ಗುಣದ ಸೊಳೆ ಸಿಗುತ್ತದೆ, ಬೇಗ ಫಲವೂ ಬರುತ್ತದೆ. ಚಿಪ್ಸ್, ಹಪ್ಪಳಗಳಿಗೆ ಬೇಕಾದದ್ದು ಬಲಿತ ಕಾಯಿ, ಹಣ್ಣಲ್ಲ.

ಜೂನಿನಲ್ಲಿ ಇದನ್ನು ತರಗತಿಗೆ ತನ್ನಿ. ಕಾಯಿ ಸೊಳೆಗೂ ಹಣ್ಣಿನ ಸೊಳೆಗೂ ಒಂದೊಂದು ತೊಟ್ಟು ಅಯೋಡಿನ್ ಹಾಕಿಸಿ. ಕಡುನೀಲಿ ಬಣ್ಣ ಎಲ್ಲಿ ಹೆಚ್ಚೆಂದು ಮಕ್ಕಳೇ ಹೇಳಲಿ. 100 ಗ್ರಾಂ ಸೊಳೆಯನ್ನು ತೆಳ್ಳಗೆ ಹೆಚ್ಚಿ, ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ದಿನವೂ ತೂಗಿ ಗ್ರಾಫ್ ಬರೆಸಿ. ಚೆನ್ನಾಗಿ ಒಣಗಿದಾಗ 30 ಗ್ರಾಂ ಆಸುಪಾಸು ಉಳಿದೀತು. ಒಂದು ಚಿಪ್ಸನ್ನೂ ಒಂದು ಸುಟ್ಟ ಹಪ್ಪಳದ ಚೂರನ್ನೂ ಕಾಗದದ ಮೇಲೆ ಒತ್ತಿಸಿ, ಕಾಗದವನ್ನು ಬೆಳಕಿಗೆ ಹಿಡಿಯಲಿ. ಯಾವ ತಿಂಡಿ ದಿನಕ್ಕೆ, ಯಾವುದು ಹಬ್ಬಕ್ಕೆ ಎಂಬುದನ್ನು ಆಮೇಲೆ ನೀವು ಹೇಳಿಕೊಡಬೇಕಾಗಿಲ್ಲ.