ಸ್ಟಾರ್ ಪಕ್ಕದಲ್ಲಿ ನಿಂತ ಟ್ರಂಪೆಟ್: ಕ್ರಿಸ್ ಬೋಟಿ ಕಥೆ

ಪಾಪ್ ಸ್ಟಾರ್ ಹಿಂದೆ, ಲೈಟ್ ಅಷ್ಟಾಗಿ ಬೀಳದ ಜಾಗದಲ್ಲಿ ನಿಂತು ನುಡಿಸ್ತಾರಲ್ಲ, ಅವರ ಕೆರಿಯರ್ ಹೇಗಿರುತ್ತೆ? ಇವತ್ತು ಅಮೆರಿಕದ ಟ್ರಂಪೆಟ್ ವಾದಕ ಕ್ರಿಸ್ ಬೋಟಿ ಬಗ್ಗೆ ಮಾತಾಡೋಣ.

ಬೋಟಿ ಹುಟ್ಟಿದ್ದು 1962ರಲ್ಲಿ, ಒರೆಗಾನ್ ರಾಜ್ಯದಲ್ಲಿ. 12ನೇ ವಯಸ್ಸಿಗೆ ಮೈಲ್ಸ್ ಡೇವಿಸ್ ರೆಕಾರ್ಡ್ ಕೇಳಿ, ಬದುಕಿದ್ರೆ ಹೀಗೆ ನುಡಿಸಿಕೊಂಡೇ ಬದುಕಬೇಕು ಅಂತ ತೀರ್ಮಾನಿಸಿಬಿಟ್ಟ ಹುಡುಗ. 80ರ ದಶಕದಲ್ಲಿ ನ್ಯೂಯಾರ್ಕ್‌ಗೆ ಬಂದರು. 90ರ ದಶಕದಲ್ಲಿ ಪಾಲ್ ಸೈಮನ್ ಬ್ಯಾಂಡ್ ಸೇರಿದರು.

ಇಲ್ಲೊಂದು ಇಕ್ಕಟ್ಟಿದೆ. ಜಾಝ್‌ನ ಜೀವಾಳವೇ ಮನೋಧರ್ಮ. ನಿನ್ನೆ ನುಡಿಸಿದ್ದು ಇವತ್ತು ಹಾಗೇ ಇರಲ್ಲ. ಪಾಪ್ ಶೋನಲ್ಲಿ ಉಲ್ಟಾ. ಹಾಡು, ಲೈಟು, ಸಮಯ ಎಲ್ಲಾ ಮೊದಲೇ ಫಿಕ್ಸ್. ನಮ್ಮ ಕಛೇರಿಗಳಲ್ಲಿ ಮೃದಂಗದವರಿಗೆ ತನಿ ಆವರ್ತನ ಅಂತ ಒಂದು ಜಾಗ ಇರುತ್ತೆ. ಪಾಪ್‌ನಲ್ಲಿ ಟ್ರಂಪೆಟ್‌ಗೆ ಬಹಳ ಸಲ ಅಷ್ಟೂ ಸಿಗಲ್ಲ. ಜೊತೆಗೆ 'ದುಡ್ಡಿಗಾಗಿ ಹೋದ' ಅನ್ನೋ ಮಾತು ಬೇರೆ. 1985ರಲ್ಲಿ ಸ್ಯಾಕ್ಸೊಫೋನ್ ವಾದಕ ಬ್ರಾನ್ಫರ್ಡ್ ಮಾರ್ಸಾಲಿಸ್, ಸ್ವಂತ ತಮ್ಮ ವಿಂಟನ್‌ನ ಜಾಝ್ ತಂಡ ಬಿಟ್ಟು ಸ್ಟಿಂಗ್ ಜೊತೆ ಹೋದಾಗ ಅಣ್ಣತಮ್ಮಂದಿರ ನಡುವೆಯೇ ಮುನಿಸು ಬಂದಿತ್ತು.

ಅದೇ ಸ್ಟಿಂಗ್, 1999ರ 'ಬ್ರ್ಯಾಂಡ್ ನ್ಯೂ ಡೇ' ಆಲ್ಬಮ್ ನಂತರದ ಟೂರ್‌ಗೆ ಬೋಟಿಯನ್ನ ಕರೆದರು. ಜಾಝ್ ಬಲ್ಲ ಗಾಯಕ ಸಿಕ್ಕಿದ್ದು ಅದೃಷ್ಟ ಅಂತಲೇ ನನಗನಿಸುತ್ತೆ: ಇಲ್ಲಿ ಟ್ರಂಪೆಟ್‌ಗೂ ಉಸಿರಾಡೋಕೆ ಜಾಗ ಇತ್ತು.

ಈ ಬ್ಯಾಂಡ್‌ನ ಅತ್ಯಂತ ಕಷ್ಟದ ರಾತ್ರಿ 2001ರ ಸೆಪ್ಟೆಂಬರ್ 11. ಇಟಲಿಯ ಟಸ್ಕನಿಯಲ್ಲಿ, ಸ್ಟಿಂಗ್ ಮನೆ ಅಂಗಳದಲ್ಲಿ ಲೈವ್ ರೆಕಾರ್ಡಿಂಗ್ ಇತ್ತು, ಇಂಟರ್ನೆಟ್‌ನಲ್ಲೂ ನೇರ ಪ್ರಸಾರ ಆಗಬೇಕಿತ್ತು. ಅಷ್ಟರಲ್ಲಿ ನ್ಯೂಯಾರ್ಕ್ ಸುದ್ದಿ ಬಂತು. ನುಡಿಸಬೇಕಾ, ಬೇಡವಾ? ತಮ್ಮತಮ್ಮಲ್ಲೇ ಚರ್ಚೆ ಮಾಡಿದರು. ಪ್ರಸಾರವನ್ನ 'ಫ್ರ್ಯಾಜೈಲ್' ಅನ್ನೋ ಒಂದೇ ಹಾಡಿಗೆ ನಿಲ್ಲಿಸಿ, ಉಳಿದದ್ದನ್ನ ಅಲ್ಲಿ ಸೇರಿದ್ದವರಿಗಷ್ಟೇ ನುಡಿಸಿದರು. 'ಆಲ್ ದಿಸ್ ಟೈಮ್' ಅನ್ನೋ ಆಲ್ಬಮ್ ಆ ರಾತ್ರಿಯದ್ದೇ. ಬೋಟಿ ಟ್ರಂಪೆಟ್ ಕೇಳಬೇಕು ಅಂದ್ರೆ ಹೆಡ್‌ಫೋನ್ ಹಾಕ್ಕೊಂಡು ಅಲ್ಲಿಂದ ಶುರು ಮಾಡಿ.

ಆಮೇಲೆ ಬೋಟಿ ತಮ್ಮದೇ ಬ್ಯಾಂಡ್ ಕಟ್ಟಿ, ಸ್ಟಿಂಗ್ ಶೋಗಳಿಗೆ ಮುಂಚೆ ನುಡಿಸೋ ಅವಕಾಶ ಪಡೆದರು. ಕೇಳೋಕೆ ಬಂದವರು ಸ್ಟಿಂಗ್ ಅಭಿಮಾನಿಗಳು. ಹೋಗುವಾಗ ಬೋಟಿ ಹೆಸರೂ ಗೊತ್ತಿರುತ್ತಿತ್ತು. 2004ರ 'ವೆನ್ ಐ ಫಾಲ್ ಇನ್ ಲವ್' ಚೆನ್ನಾಗಿ ಮಾರಾಟವಾಯ್ತು, 2013ರಲ್ಲಿ 'ಇಂಪ್ರೆಷನ್ಸ್'ಗೆ ಗ್ರ್ಯಾಮಿ ಬಂತು. ಕಟ್ಟಾ ಜಾಝ್‌ನವರು ಇವರ ಸಂಗೀತ ತೀರಾ ನಯ ಅಂತ ಮೂಗು ಮುರಿಯೋದುಂಟು, ಅದು ಪೂರ್ತಿ ಸುಳ್ಳೂ ಅಲ್ಲ.

2008ರಲ್ಲಿ ಬಾಸ್ಟನ್‌ನಲ್ಲಿ ಬೋಟಿ ಕಛೇರಿ ನಡೀತು. ಅತಿಥಿಯಾಗಿ ಬಂದು ಹಾಡಿ ಹೋದವರಲ್ಲಿ ಸ್ಟಿಂಗ್ ಕೂಡ ಒಬ್ಬರು.