ಹಳೆ ಕಾರಿನ ತಗಡಿಗೆ ಬೆಸುಗೆ: ಕಷ್ಟ ಎಲ್ಲಿದೆ?



ಹರಿದ ಅಂಗಿಗೆ ತೇಪೆ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ತೂತಿನ ಅಂಚಿಗೇ ಹೊಲಿದರೆ ದಾರ ನಿಲ್ಲೋದಿಲ್ಲ. ಸುತ್ತಲಿನ ಜೀರ್ಣವಾದ ಬಟ್ಟೆ ದಾಟಿ, ಗಟ್ಟಿ ಬಟ್ಟೆ ಸಿಗುವ ಕಡೆ ಹೊಲಿಯಬೇಕು. ಹಳೆ ಕಾರಿನ ತಗಡಿಗೆ ಬೆಸುಗೆ ಹಾಕುವುದೂ ಇದೇ ಥರ. ನನ್ನ ಸೋದರಮಾವ ಪೇಟೆಯಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಾರೆ. ರಜೆಯಲ್ಲಿ ಅವರು ಒಂದು ಹಳೆ ಅಂಬಾಸಿಡರ್ ಕಾರು ಸರಿಮಾಡುವಾಗ ನಾನು ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ತಗಡೇ ಬೆನ್ನೆಲುಬು

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಅಂಬಾಸಿಡರ್ ಕಾರನ್ನು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದಲ್ಲಿ ತಯಾರಿಸುತ್ತಿದ್ದರು. ಲಾರಿಗೆ ಕೆಳಗೆ ದಪ್ಪ ಚಾಸಿಸ್ ಇರುತ್ತದೆ. ಈ ಕಾರಿಗೆ ಹಾಗೆ ಬೇರೆ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಕಂಬ, ಮೇಲ್ಛಾವಣಿ ಎಲ್ಲ ಸೇರಿಯೇ ಭಾರ ಹೊರುತ್ತವೆ. ಆದ್ದರಿಂದ ನೆಲ ತುಕ್ಕು ಹಿಡಿದರೆ ಅದು ಬರೀ ಅಂದದ ಪ್ರಶ್ನೆ ಅಲ್ಲ, ಒಳಗೆ ಕೂತವರ ಜೀವದ ಪ್ರಶ್ನೆ.

ಮೊದಲನೆಯ ಕಷ್ಟ: ತುಕ್ಕು

ಕಬ್ಬಿಣ, ನೀರು, ಆಮ್ಲಜನಕ ಸೇರಿ ತುಕ್ಕು ಆಗುತ್ತದೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ತುಕ್ಕು ಲೋಹವಲ್ಲ. ಬೆಸುಗೆ ಎಂದರೆ ಲೋಹಕ್ಕೆ ಲೋಹ ಕರಗಿ ಒಂದಾಗುವುದು. “ತುಕ್ಕಿನ ಮೇಲೆ ವೆಲ್ಡಿಂಗ್ ಮಾಡೋದು ಅಂದ್ರೆ ಮಣ್ಣಿಗೆ ಮೊಳೆ ಹೊಡೆದ ಹಾಗೆ ಕಣೋ” ಅಂತಾರೆ ಮಾವ. ಒಳಗೆ ಗುಳ್ಳೆ, ಕಸ ಉಳಿದು ಆಮೇಲೆ ಸೀಳು ಬಿಡುತ್ತದೆ.

ಬಣ್ಣದ ಅಡಿಯಲ್ಲಿ ತುಕ್ಕು ಕಾಣುವುದಿಲ್ಲ. ಅದಕ್ಕೇ ಮಾವ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗ್ತಾರೆ. ಗಟ್ಟಿ ತಗಡು ‘ಟಣ್’ ಅನ್ನುತ್ತೆ, ಕೊಳೆತದ್ದು ‘ಡಬ್’ ಅನ್ನುತ್ತೆ. ಮೇಲೆ ಅಂಗೈಯಗಲ ಕಂಡ ತೂತು, ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಊಟದ ತಟ್ಟೆಯಷ್ಟು ಆಯಿತು. ಅಂಚನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿದ ನಂತರವೇ ಬೆಸುಗೆ.

ಎರಡನೆಯ ಕಷ್ಟ: ತೆಳು

ಕಾರಿನ ತಗಡು ಹೊಸದಿದ್ದಾಗಲೇ ಸುಮಾರು 1 ಮಿ.ಮೀ. ದಪ್ಪ. ತುಕ್ಕು ತಿಂದ ಕಡೆ ಇನ್ನೂ ತೆಳು. ಉಕ್ಕು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ವೆಲ್ಡಿಂಗ್ ಕಿಡಿಯ ಶಾಖ ಅದಕ್ಕಿಂತ ಬಹಳ ಹೆಚ್ಚು. ಗೇಟು ಮಾಡುವ ದಪ್ಪ ರಾಡ್ ಹಿಡಿದರೆ ಕೂಡುವ ಮೊದಲೇ ತಗಡು ಕರಗಿ ಇನ್ನೊಂದು ತೂತು! ಆದ್ದರಿಂದ 0.6 ಅಥವಾ 0.8 ಮಿ.ಮೀ. ತಂತಿಯ ಸಿಓಟು ವೆಲ್ಡಿಂಗ್ ಬಳಸುತ್ತಾರೆ. ಹಿಂದುಗಡೆ ಒಂದು ತಾಮ್ರದ ತುಂಡು ಒತ್ತಿ ಹಿಡಿಯುತ್ತಾರೆ. ತಾಮ್ರ ಶಾಖವನ್ನು ಬೇಗ ಹೀರಿಕೊಳ್ಳುತ್ತದೆ, ಬೆಸುಗೆ ಅದಕ್ಕೆ ಅಂಟುವುದಿಲ್ಲ.

ಮೂರನೆಯ ಕಷ್ಟ: ಸೊಟ್ಟಗಾಗುವುದು

ಒಂದು ಮೀಟರ್ ಉದ್ದದ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಜಾಗ ಮಾತ್ರ ಕಾದಾಗ ಸುತ್ತಲಿನ ತಣ್ಣನೆ ತಗಡು ಅದನ್ನು ಹಿಗ್ಗಲು ಬಿಡುವುದಿಲ್ಲ. ಆರುವಾಗ ಅದು ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಆಗ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಾಗಾಗಿ ಒಂದೇ ಸಮನೆ ಗೆರೆ ಎಳೆಯುವಂತಿಲ್ಲ. ಇಲ್ಲೊಂದು ಚುಕ್ಕಿ, ಎದುರು ಅಂಚಿಗೆ ಇನ್ನೊಂದು ಚುಕ್ಕಿ, ಆರಲು ಬಿಟ್ಟು ಮತ್ತೆ ನಡುವೆ ಒಂದು. ಹೀಗೆ ಚುಕ್ಕಿ ಚುಕ್ಕಿ ಸೇರಿ ಗೆರೆಯಾಗಬೇಕು. ಬಾಗಿಲ ಕೆಳಗಿನ ಅಂಚು ಕತ್ತರಿಸುವ ಮೊದಲಂತೂ ಕಾರಿಗೆ ಸರಿಯಾದ ಆಸರೆ ಕೊಡಲೇಬೇಕು. ಇಲ್ಲದಿದ್ದರೆ ಮೈ ಬಗ್ಗಿ, ಆಮೇಲೆ ಬಾಗಿಲೇ ಕೂರುವುದಿಲ್ಲ.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಬೆಸುಗೆಯ ಹಿಂಬದಿಯಲ್ಲಿ ಬಣ್ಣ ಸುಟ್ಟುಹೋಗಿರುತ್ತದೆ. ಅಲ್ಲಿ ಪ್ರೈಮರ್ ಬಳಿಯದಿದ್ದರೆ ತುಕ್ಕು ಮತ್ತೆ ಅಲ್ಲಿಂದಲೇ ಶುರು.

ಸುಲಭದ ದಾರಿ ಬೇಡವೇಕೆ?

ತೂತಿನ ಮೇಲೆ ಒಂದು ತಗಡು ಅಂಟಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಒಂದೇ ದಿನದ ಕೆಲಸ, ಖರ್ಚೂ ಕಡಿಮೆ. ಕಾರಿನ ಯಜಮಾನರು ಹಾಗೇ ಮಾಡಿ ಎಂದು ಕೇಳಿದರು. ಮಾವ ಒಪ್ಪಲಿಲ್ಲ. “ಸೀಟು ಕೂತಿರೋದೇ ಈ ತಗಡಿನ ಮೇಲೆ ಸ್ವಾಮಿ. ಜೋರಾಗಿ ಬ್ರೇಕ್ ಹಾಕಿದಾಗ ಪುಟ್ಟಿ ಹಿಡಿದುಕೊಳ್ಳುತ್ತಾ?” ಅಂದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು.

ಎಚ್ಚರಿಕೆ!

1. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಅದರ ನೇರಳಾತೀತ ಕಿರಣದಿಂದ ಕೆಲವು ಗಂಟೆಗಳ ನಂತರ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯುತ್ತದೆ.
2. ಖಾಲಿ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಸೋಕಿಸಬಾರದು. ಒಳಗಿನ ಆವಿ ಗಾಳಿಯೊಂದಿಗೆ ಸೇರಿ ಸಿಡಿಯುತ್ತದೆ.
3. ಸತು ಲೇಪಿಸಿದ ತಗಡು ಸುಟ್ಟಾಗ ಬರುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ನಿಮ್ಮ ಮನೆಯ ಟ್ರೈಲರ್ ತಳವನ್ನೋ, ಸೈಕಲ್ ಮಡ್‌ಗಾರ್ಡನ್ನೋ ಒಮ್ಮೆ ತಟ್ಟಿ ನೋಡಿ. ‘ಟಣ್’ ಅಂದರೆ ಸಂತೋಷ. ‘ಡಬ್’ ಅಂದರೆ ದೊಡ್ಡವರಿಗೆ ಹೇಳಿ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿ